ಹೆಂಡತಿಯ ಎರಡು ಸಾಲು

ಮೂಳೆ ಒಂದು ಸಲ ಬೆರೆತರೆ ಮತ್ತೆ ಬೇರೆ ಮಾಡಲಾಗುವುದಿಲ್ಲ. ವಿಷಯ ಇಷ್ಟೇ. ಆದರೆ ಭಾನುವಾರದಿಂದ ಆರ್ಗಿರೋ ಅದನ್ನೇ ಹೊತ್ತು ತಿರುಗುತ್ತಿದ್ದಳು. ಮಗುವಿನ ಹಾಲು ಬಿಸಿ ಮಾಡುವಾಗ, ಅದರ ಹಣೆಯನ್ನು ಅಂಗೈಯಿಂದಲೂ ಆಮೇಲೆ ನಂಬಿಕೆ ಸಾಲದೆ ತುಟಿಯಿಂದಲೂ ಮುಟ್ಟಿ ನೋಡುವಾಗ, ಅಥೆನ್ಸಿನ ಮನೆಯ ಐದನೇ ಮಹಡಿಯ ಬಾಲ್ಕನಿ ಬಾಗಿಲಿನ ಚಿಲಕವನ್ನು ಮೂರನೇ ಸಲ ಎಳೆದು ನೋಡುವಾಗ, ಅದೇ ಯೋಚನೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಪ್ಪನ ಗೋರಿ ತೆರೆಯುತ್ತಾರೆ. ಹನ್ನೊಂದರ ಹೊತ್ತಿಗೆ ಬೆರೆಸಿಬಿಟ್ಟಿರುತ್ತಾರೆ.

ಟೀನೋಸ್ ದ್ವೀಪದ ಅವರ ಊರಿನಲ್ಲಿ ಸತ್ತವರಿಗೆ ಮಣ್ಣಿನೊಳಗೆ ಸಿಗುವುದು ನಾಲ್ಕೈದು ವರ್ಷದ ಜಾಗ, ಅಷ್ಟೇ. ಆಮೇಲೆ ಗೋರಿ ಇನ್ನೊಬ್ಬರಿಗೆ ಬೇಕು. ಮೂಳೆ ಎತ್ತಿ, ವೈನಿನಲ್ಲಿ ತೊಳೆದು, ಬಿಸಿಲಿಗೆ ಹರವಿ, ಹೆಸರು ಬರೆದ ಪೆಟ್ಟಿಗೆಯಲ್ಲಿಟ್ಟು ಸ್ಮಶಾನದ ಮೂಲೆಯ ಕೋಣೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಅಮ್ಮ ಸ್ತಮಾತಿಯಾ ಐದು ವರ್ಷದಿಂದ ಅಲ್ಲಿ ಮೂರನೇ ಹಲಗೆಯ ಮೇಲೆ ಒಂದು ಸಣ್ಣ ತಗಡಿನ ಪೆಟ್ಟಿಗೆಯಲ್ಲಿ ಒಬ್ಬಳೇ ಇದ್ದಳು. ಈಗ ಅಪ್ಪನ ಸರದಿ.

ಭಾನುವಾರ ಫೋನ್ ಮಾಡಿದವನು ಅಣ್ಣ ಲಾಂಬ್ರೋಸ್. ಟೀನೋಸ್ ಬಂದರಿನಲ್ಲಿ ಅವನಿಗೆ ಹಡಗಿನ ಟಿಕೆಟ್ಟಿನ ಅಂಗಡಿ. ಗಾಳಿ ಎದ್ದು ಹಡಗು ನಿಂತ ದಿನ ಅವನಿಗೆ ಕೆಲಸವಿಲ್ಲ, ಮಾತು ಜಾಸ್ತಿ.

"ಏನ್ ಪುಟ್ಟಿ, ಇವತ್ತು ಜ್ವರ ಮಗೂಗೋ ನಿಂಗೋ?"

ಮಗುವಿಗೆ ಹಲ್ಲು ಬರುತ್ತಿದೆ, ಅದಕ್ಕೇ ಮೈ ಸ್ವಲ್ಪ ಬೆಚ್ಚಗಿದೆ ಎಂದು ಅವಳು ವಿವರಿಸಲು ಹೊರಟರೆ ಅವನು ಕೇಳಿಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಬಡಗಿ ಪೆಟ್ಟಿಗೆ ಮಾಡಿ ಮುಗಿಸಿದ್ದಾನಂತೆ. ಆಕ್ರೋಟು ಮರದ್ದು, ದೊಡ್ಡದು, ಇಬ್ಬರಿಗೂ ಸೇರಿ ಒಂದೇ. ಮುಚ್ಚಳದ ಮೇಲೆ ಅಪ್ಪ ಅಮ್ಮನ ಫೋಟೋ ಅಕ್ಕಪಕ್ಕ, ಕೆಳಗೆ ಚಿನ್ನದ ಬಣ್ಣದಲ್ಲಿ ಆ ಹಳೆಯ ಕಲ್ಲಿನ ಪದ್ಯ, ನಾಲ್ಕೂ ಸಾಲು. ಪಾದ್ರಿಗೂ ಹೇಳಿಯಾಗಿದೆ.

"ಇಡೀ ಊರೇ ಬರುತ್ತೆ ಕಣೇ. ಅಂಥ ಗಂಡ ಹೆಂಡ್ತಿ ಇನ್ನೆಲ್ಲಿ ಹುಡುಕ್ತೀಯ ಹೇಳು."

ಆರ್ಗಿರೋ ಹೂಂ ಎಂದಳು. ಫೋನ್ ಇಟ್ಟ ಮೇಲೆ ಆ ಹೂಂ ಅವಳನ್ನು ಬಿಡಲಿಲ್ಲ. ಯಾಕೆಂದರೆ ಒಂಬತ್ತು ವರ್ಷದ ಹಿಂದೆ ಇನ್ನೊಬ್ಬರಿಗೂ ಅವಳು ಹೂಂ ಎಂದಿದ್ದಳು, ಮತ್ತು ಎರಡೂ ಹೂಂ ಒಟ್ಟಿಗೆ ನಡೆಯುವಂತಿರಲಿಲ್ಲ.

ಸ್ತಮಾತಿಯಾ ಕಲ್ಲುಕುಟಿಗನ ಮಗಳು. ಟೀನೋಸಿನಲ್ಲಿ ಕಲ್ಲುಕುಟಿಗರಿಗೆ ಬರವಿಲ್ಲ. ಬಾಗಿಲ ಮೇಲಿನ ಹೂಬಳ್ಳಿಯಿಂದ ಹಿಡಿದು ಚರ್ಚಿನ ಗಂಟೆಗೋಪುರದವರೆಗೆ ಎಲ್ಲವೂ ಅಮೃತಶಿಲೆ, ಎಲ್ಲವೂ ಯಾರೋ ಒಬ್ಬರ ಅಪ್ಪನ ಕೈಕೆಲಸ. ಅವಳ ಅಪ್ಪ ಕೆತ್ತುತ್ತಿದ್ದುದು ಗೋರಿಕಲ್ಲು. ಗಂಡುಮಕ್ಕಳಿಲ್ಲದ ಮನೆ. ಹೆಣ್ಣುಮಗಳ ಕೈಗೆ ಉಳಿ ಕೊಡುವ ಪದ್ಧತಿ ಇರಲಿಲ್ಲ, ಆದರೆ ಮರಳು ಹಾಕಿ ಉಜ್ಜುವುದು, ಅಕ್ಷರದ ಗೀರಿಗೆ ಕೆಂಪು ತುಂಬುವುದು, ಸವೆದ ಹಳೆಯ ಕಲ್ಲನ್ನು ಒದ್ದೆ ಮಾಡಿ ಬಿಸಿಲಿಗೆ ಓರೆಯಾಗಿ ಹಿಡಿದು ಅಕ್ಷರ ಏಳಿಸುವುದು, ಇವೆಲ್ಲ ಅವಳ ಪಾಲಿನ ಕೆಲಸ. ಹದಿನೈದಕ್ಕೇ ಕಲ್ಲಿನ ಮೇಲೆ ಬೆರಳಾಡಿಸಿ ಇದು ಯಾರ ಕೈಯದು, ಎಡಗೈಯವನೋ ಬಲಗೈಯವನೋ ಎಂದು ಹೇಳುತ್ತಿದ್ದಳಂತೆ.

ಅವಳಿಗೆ ಇಪ್ಪತ್ತೆರಡಾದಾಗ, ಹಳೆಯ ಕಣದ ಮೆಟ್ಟಿಲು ಸಡಿಲವಾಗಿದೆಯೆಂದು ಕೀಳಲು ಹೋದಾಗ, ಕೆಳಮುಖವಾಗಿ ಬಿದ್ದಿದ್ದ ಕಲ್ಲೊಂದು ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಹಳೆಯದು. ಮೇಲೆ ಕೈ ಹಿಡಿದು ನಿಂತ ಗಂಡ ಹೆಂಡತಿ, ಅವರ ಹೆಸರು, ಅದರ ಕೆಳಗೆ ಎರಡು ಸಾಲಿನ ಪದ್ಯ. ಅದಕ್ಕೂ ಕೆಳಗೆ ಒಂದು ಗೇಣು ಒರಟು ಕಲ್ಲು. ಶಾಲೆಗೆ ಹೊಸದಾಗಿ ಬಂದಿದ್ದ ಹಳೆಗ್ರೀಕಿನ ಮೇಷ್ಟ್ರನ್ನು ಕರೆಸಿದರು. ಅವರೇ ಫೋಕಿಯೋನ್. ಇಪ್ಪತ್ತೊಂಬತ್ತು ವರ್ಷ, ಬಿಳಿ ಅಂಗಿ, ಒಳ್ಳೆಯ ಕಂಠ. ಅವಳು ಕಲ್ಲನ್ನು ತೊಳೆದು ಅಕ್ಷರ ಏಳಿಸಿದಳು, ಅವರು ಓದಿದರು.

*ಮೂವತ್ತು ವರುಷ ಒಂದೇ ಒಲೆ, ಒಂದೇ ಮನಸು ನಮಗೆ;
ಜಗಳದ ದನಿಯ ಕೇಳಿಲ್ಲ ನಮ್ಮ ಮನೆಯ ಹೊಸ್ತಿಲು.*

ಗಂಡನ ಮಾತು. ಹಾಗಾದರೆ ಕೆಳಗೆ ಹೆಂಡತಿಯ ಉತ್ತರ ಇದ್ದಿರಲೇಬೇಕು, ಕಲ್ಲು ಒಡೆದು ಅದು ಕಳೆದುಹೋಗಿದೆ ಎಂದರು ಮೇಷ್ಟ್ರು. ವಾರದೊಳಗೆ ಆ ಉತ್ತರವನ್ನು ತಾವೇ ಹಳೆಯ ಛಂದಸ್ಸಿನಲ್ಲಿ ಕಟ್ಟಿ ತಂದರು.

*ನೀನಾಡಿದ ಮಾತೇ ನನಗೂ ಮಾತಾಗಿ ಬಾಳಿದೆ;
ಮಣ್ಣೊಳಗೂ ಅದೇ ಸಾಕು, ಬೇರೆ ಬೇಡೆನು.*

ದ್ವೀಪದ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲ ಸಲ "ಊಹಿಸಿ ತುಂಬಿದ್ದು" ಎಂಬ ಮಾತು ಕೆಳಗೆ ಸಣ್ಣಕ್ಷರದಲ್ಲಿತ್ತು. ಆಮೇಲಾಮೇಲೆ ಆ ಸಣ್ಣಕ್ಷರ ಬಿದ್ದುಹೋಗಿ ನಾಲ್ಕೂ ಸಾಲು ಕಲ್ಲಿನದೇ ಆದವು.

ಮಾರನೆಯ ವರ್ಷ ಮದುವೆ. ಹೆಂಡತಿ ಗಂಡನಿಗೆ ಅಂಜಿ ನಡೆಯಲಿ ಎಂಬ ಮಾತು ಪಾದ್ರಿಯ ಬಾಯಿಂದ ಬರುವಾಗ ಹುಡುಗಿ ಹುಡುಗನ ಪಾದ ತುಳಿಯಬೇಕು, ನೆಂಟರೆಲ್ಲ ನಗಬೇಕು, ಅದು ಲೆಕ್ಕ. ಸ್ತಮಾತಿಯಾಳ ಚಿಕ್ಕಮ್ಮಂದಿರು ಹಿಂದಿನಿಂದ ಅವಳನ್ನು ತಿವಿಯುತ್ತಲೇ ಇದ್ದರು. ಅವಳು ಕಾಲೆತ್ತಿದಳು. ಮೇಷ್ಟ್ರು ಓದಿದವರು, ಇಂಥ ಹಳ್ಳಿ ಆಟ ಅವರಿಗೆ ಹಿಡಿಸದು. ಆಗಲೇ ಪಾದ ಹಿಂದಕ್ಕೆ ಎಳೆದುಕೊಂಡಿದ್ದರು. ಹಿಮ್ಮಡಿ ಬರೀ ನೆಲಕ್ಕೆ ಬಡಿದ ಸದ್ದು ಚರ್ಚಿಗೆಲ್ಲ ಕೇಳಿಸಿತು. ಯಾರೂ ನಗಲಿಲ್ಲ.

ಮದುವೆಯಾಗಿ ಏಳೆಂಟು ತಿಂಗಳಿಗೆ, ಕಲ್ಲು ನೋಡಲು ಅಥೆನ್ಸಿನಿಂದ ಪ್ರೊಫೆಸರರೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಮೇಷ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಹಿಗ್ಗು. ಒಂದು ಬೆಳಿಗ್ಗೆ ಅವರ ಅಂಗಿಗೆ ಇಸ್ತ್ರಿ ಹಾಕುತ್ತಾ ಸ್ತಮಾತಿಯಾ ತನಗೆ ಮೊದಲ ದಿನದಿಂದ ಗೊತ್ತಿದ್ದುದನ್ನು ಹೇಳಿದಳು. ಅವರಿಗೆ ಅವಮಾನ ಆಗದಿರಲಿ ಎಂದೇ ಹೇಳಿದ್ದು. ಕೆಳಗಿನ ಒರಟು ಭಾಗ ಒಡೆದದ್ದಲ್ಲ. ಅದು ಕಲ್ಲಿನ ಕಾಲು. ಪೀಠದ ಗುಳಿಯೊಳಗೆ ಇಳಿಸುವುದಕ್ಕೆಂದು ಬಿಟ್ಟದ್ದು, ಯಾರಿಗೂ ಕಾಣಿಸದ ಭಾಗ, ಅದಕ್ಕೇ ನಯ ಮಾಡಿಲ್ಲ. ಅವಳ ಅಪ್ಪನೂ ಇವತ್ತಿಗೂ ಹಾಗೇ ಬಿಡುತ್ತಾನೆ. ಕಲ್ಲು ಇಡಿಯಾಗಿದೆ. ಹೆಂಡತಿಯ ಸಾಲು ಕಳೆದುಹೋಗಿಲ್ಲ, ಅದನ್ನು ಯಾರೂ ಕೆತ್ತಿಯೇ ಇರಲಿಲ್ಲ.

ಫೋಕಿಯೋನ್ ಮೇಷ್ಟ್ರು ಕೈ ಎತ್ತುವವರಲ್ಲ, ಕೂಗುವವರೂ ಅಲ್ಲ. ಸಭ್ಯರು. ಅಂಗಿ ತೊಟ್ಟುಕೊಂಡು ಶಾಲೆಗೆ ಹೋದರು, ಮತ್ತು ಪ್ರೊಫೆಸರರು ಬರುವ ದಿನದವರೆಗೆ, ಒಂದು ತಿಂಗಳು ಮೇಲೆ ಮೂರು ದಿನ, ಹೆಂಡತಿಯೊಡನೆ ಒಂದೇ ಒಂದು ಮಾತಾಡಲಿಲ್ಲ. ಊಟಕ್ಕೆ ಕೂತರೆ ಉಪ್ಪಿನ ಬಟ್ಟಲು ಎಲ್ಲಿದೆಯೆಂದು ಎದ್ದು ತಾವೇ ಹುಡುಕುತ್ತಿದ್ದರು. ಬೀದಿಯಲ್ಲಿ ಮಾತ್ರ ತೋಳು ಹಿಡಿದು ನಡೆಯುತ್ತಿದ್ದರು. ಅವಳು ಅಮ್ಮನ ಮನೆಗೆ ಹೋಗಿ ಅತ್ತರೆ, ಹೊಡೆದರೇನೇ, ಕುಡಿದರೇನೇ, ಇನ್ಯಾರ ಮನೆಗಾದರೂ ಹೋದರೇನೇ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ನಿನಗೆ ಸುಖ ಜಾಸ್ತಿಯಾಯಿತು ಎಂದು ಬೈದು ಕಳಿಸಿದರು.

ಪ್ರೊಫೆಸರರು ಬಂದರು. ಕಲ್ಲಿನ ಸುತ್ತ ಎರಡು ಸುತ್ತು ಹಾಕಿದರು. ಕೂತು, ಕೆಳಗಿನ ಒರಟಿನ ಮೇಲೆ ಬೆರಳಾಡಿಸಿ, ಇದು ಕಾಲಿನ ಭಾಗ ಇರಬಹುದೇ ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು ನಕ್ಕು ಹೆಂಡತಿಯತ್ತ ತಿರುಗಿದರು. ನನ್ನ ಹೆಂಡತಿ ಕಲ್ಲುಕುಟಿಗರ ಮನೆಯವಳು, ಅವಳನ್ನೇ ಕೇಳಿ ಎಂದರು. ಒಂದು ತಿಂಗಳ ಮೇಲೆ ಮೂರು ದಿನದಲ್ಲಿ ಅವರು ಅವಳ ಮುಖ ನೋಡಿದ್ದು ಅದೇ ಮೊದಲು.

ಸ್ತಮಾತಿಯಾ ಒಡೆದದ್ದೇ ಎಂದಳು.

ಪ್ರೊಫೆಸರರು ಬರೆದುಕೊಂಡರು. ಇವತ್ತಿಗೂ ಕಲ್ಲಿನ ಪಕ್ಕದ ಫಲಕದಲ್ಲಿ ಕೆಳಭಾಗ ಭಗ್ನ ಎಂದೇ ಇದೆ. ಹಡಗು ಹತ್ತಿಸಿ ಬಂದ ಮೇಲೆ ಮೇಷ್ಟ್ರು ಹೆಂಡತಿಗೆ ಪೇಟೆಯಿಂದ ಬಾದಾಮಿ ಮಿಠಾಯಿ ತಂದುಕೊಟ್ಟು, ನಮ್ಮದು ಒಂದೇ ಮನಸ್ಸು ಎಂದರು.

ಅಲ್ಲಿಂದಾಚೆ ಮೂವತ್ತೊಂಬತ್ತು ವರ್ಷ. ಊರಿನ ಯಾವ ಮದುವೆಯಾದರೂ ಊಟದ ನಡುವೆ ಮೇಷ್ಟ್ರು ದಂಪತಿ ಎದ್ದು ನಿಲ್ಲಬೇಕು. ಅವರು ಗಂಡನ ಎರಡು ಸಾಲು ಹೇಳಬೇಕು, ಅವಳು ಹೆಂಡತಿಯ ಎರಡು ಸಾಲು. ಮದುಮಗಳು ಅಳುತ್ತಿದ್ದಳು, ಮದುಮಗಳ ತಾಯಿ ಅಳುತ್ತಿದ್ದಳು. ಆರ್ಗಿರೋಳ ಬಾಲ್ಯವೆಲ್ಲ ಆ ಸಾಲುಗಳ ಕೆಳಗೆ, ಮೇಜಿನ ಬಟ್ಟೆಯ ಕೆಳಗೆ ಕೂತು ಒಣದ್ರಾಕ್ಷಿ ತಿನ್ನುವುದರಲ್ಲಿ ಕಳೆಯಿತು. ಮನೆಯಲ್ಲಿ ವರ್ಷಕ್ಕೆರಡು ಮೂರು ಸಲ ಅಪ್ಪ ಮಾತು ನಿಲ್ಲಿಸುತ್ತಿದ್ದರು. ಹೊಸ ಪರದೆಯ ಬಣ್ಣಕ್ಕೆ, ಅಮ್ಮ ತಂಗಿಯ ಮನೆಯಲ್ಲಿ ಒಂದು ದಿನ ಹೆಚ್ಚಿಗೆ ಉಳಿದದ್ದಕ್ಕೆ. ಆಗೆಲ್ಲ ಲಾಂಬ್ರೋಸ್ ಇಬ್ಬರ ನಡುವೆ ಓಡಾಡುತ್ತಿದ್ದ. ಅಮ್ಮ ಹೀಗಂದಳು ಎಂದು ಅಪ್ಪನಿಗೆ ಹೇಳುವುದು, ಅಪ್ಪನಿಂದ ಬೆನ್ನು ತಟ್ಟಿಸಿಕೊಳ್ಳುವುದು. ಕೊನೆಗೆ ಅಮ್ಮ ಒಪ್ಪುತ್ತಿದ್ದಳು, ಮನೆಗೆ ಮತ್ತೆ ಮಾತು ಬರುತ್ತಿತ್ತು. ಇದಕ್ಕೇ ಸಾಮರಸ್ಯ ಅನ್ನುತ್ತಾರೆಂದು ಆರ್ಗಿರೋ ಎಷ್ಟೋ ವರ್ಷ ನಂಬಿದ್ದಳು.

ಇದೆಲ್ಲ ಅವಳಿಗೆ ತಿಳಿದದ್ದು ಆಸ್ಪತ್ರೆಯಲ್ಲಿ, ಅಮ್ಮನ ಕೊನೆಯ ಬೇಸಿಗೆಯಲ್ಲಿ. ಅಪ್ಪ ಪತ್ರಿಕೆ ತರಲು ಕೆಳಗಿಳಿದಿದ್ದರು. ಸ್ತಮಾತಿಯಾ ಕಲ್ಲಿನ ಕಥೆಯನ್ನು ಯಾವ ರೋಷವೂ ಇಲ್ಲದೆ, ತರಕಾರಿ ಬೆಲೆ ಹೇಳುವವಳ ಹಾಗೆ ಹೇಳಿ ಮುಗಿಸಿದಳು. ಆಮೇಲೆ ಮಗಳ ಮಣಿಕಟ್ಟು ಹಿಡಿದಳು.

"ನಿಮ್ಮಪ್ಪನಿಗೆ ಸುಳ್ಳು ಹೇಳಿದ್ರೆ ಹೋಗ್ಲಿ ಬಿಡು, ಅದು ಸಂಸಾರ. ನಾನು ಕಲ್ಲಿನ ಮೇಲೆ ಸುಳ್ಳು ಹೇಳ್ದೆ ಕಣೇ. ನಮ್ಮಪ್ಪ ಕೇಳಿದ್ರೆ ಉಗೀತಿದ್ದ."

ನೀರು ಬೇಕೇನಮ್ಮ ಎಂದು ಕೇಳಿದಳು ಆರ್ಗಿರೋ.

"ನೀರು ಬೇಡ. ಮೂಳೆ ಎತ್ತೋ ಕಾಲಕ್ಕೆ ನನ್ನನ್ನ ಅವರ ಜೊತೆ ಹಾಕ್ಬೇಡಿ. ಅಲ್ಲೂ ಹೂಂ ಅಂತಾ ಬಿದ್ದಿರೋಕೆ ನನ್ ಕೈಲಿ ಆಗಲ್ಲ. ಹಾಕಲ್ಲ ಅನ್ನು."

ಹೂಂ, ಹಾಕಲ್ಲ ಎಂದಳು ಮಗಳು. ಅಪ್ಪ ಪತ್ರಿಕೆ ಹಿಡಿದು ಒಳಗೆ ಬಂದರು. ಅಮ್ಮ ಅವರಿಗಾಗಿ ಮಂಚದ ಮೇಲೆ ಜರುಗಿ ಜಾಗ ಮಾಡಿಕೊಟ್ಟಳು.

ಅಮ್ಮನ ಮೂಳೆ ಎತ್ತಿದ ದಿನ ಆರ್ಗಿರೋ ಅಲ್ಲೇ ಇದ್ದಳು. ವೈನಿನಲ್ಲಿ ತೊಳೆದು ಅಮೃತಶಿಲೆಯ ಹಾಸಿನ ಮೇಲೆ ಹರವಿದ್ದರು. ಎಷ್ಟು ಸಣ್ಣ ಬೆರಳುಗಳು ಎಂದು ಅವಳಿಗೆ ಅನ್ನಿಸಿತು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದು ತಮ್ಮ ಎರಡು ಸಾಲು ಹೇಳಿದರು. ಸ್ವಲ್ಪ ಹೊತ್ತು ತಡೆದರು. ಉತ್ತರ ಕೊಡುವವಳಿಲ್ಲ. ಆಗ ಗಂಟಲು ಸರಿಮಾಡಿಕೊಂಡು ಹೆಂಡತಿಯ ಎರಡು ಸಾಲನ್ನೂ ತಾವೇ ಹೇಳಿದರು. ಹೆಂಗಸರು ಬಿಕ್ಕಿದರು. ನನ್ನ ಸಮಯ ಬಂದಾಗ ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಡಿ ಎಂದು ಎಲ್ಲರ ಎದುರಿಗೆ ಕೇಳಿಕೊಂಡರು. ಪಾದ್ರಿ ತಲೆದೂಗಿದರು, ಲಾಂಬ್ರೋಸ್ ಅಪ್ಪನನ್ನು ತಬ್ಬಿಕೊಂಡ. ಆರ್ಗಿರೋಳ ಕೈಯಲ್ಲಿ ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ ಹಾಕಿ ಬೇಯಿಸಿದ ಗೋಧಿಯ ತಟ್ಟೆಯಿತ್ತು. ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಅವಳು ತಟ್ಟೆ ಹಿಡಿದು ಎಲ್ಲರಿಗೂ ಒಂದೊಂದು ಚಮಚ ಬಡಿಸಿದಳು. ಆರು ತಿಂಗಳಲ್ಲಿ ಅಪ್ಪನೂ ಹೋದರು, ಇನ್ನು ಯಾರಿಗೆ ಹೇಳುವುದು, ಮುಂದೆ ನೋಡಿದರಾಯಿತು ಎಂದು ತಳ್ಳಿದಳು. ತಳ್ಳಿ ತಳ್ಳಿ ಈಗ ಶುಕ್ರವಾರ ಬಂದಿತ್ತು.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣ ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ. ನಲವತ್ತೇಳರ ವಯಸ್ಸಿನಲ್ಲಿ ಅವನಿಗೆ ಅಪ್ಪ ಅಮ್ಮನ ಜೋಡಿಫೋಟೋವನ್ನು ಮಧ್ಯಕ್ಕೆ ಹರಿದುಕೊಟ್ಟ ಹಾಗೆ. ಊರಿನವರು ಮೇಷ್ಟ್ರ ಮಗಳಿಗೆ ಅಥೆನ್ಸ್ ನೀರು ತಲೆಗೇರಿದೆ ಎನ್ನುತ್ತಾರೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಅದೇ ಅವಳಿಗೆ ತಡೆಯಲಾಗದ್ದು. ಏನೂ ಆಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಅಮ್ಮನಿಗೆ ಜಗಳವಾಡುವ ಬಾಯಿಲ್ಲ.

ಶುಕ್ರವಾರ ಮಧ್ಯಾಹ್ನ ಗಂಡ ಥೋಮಾಸ್ ಊಟಕ್ಕೆ ಮನೆಗೆ ಬಂದಿದ್ದ. ಮಗುವಿಗೆ ಹಲ್ಲಿನ ಉರಿಗೆ ತಣ್ಣನೆಯ ಸೌತೆಕಾಯಿ ಹಿಡಿಸುತ್ತಾ ಅವಳು ಮೊದಲ ಸಲ ವಿಷಯವನ್ನು ಅವನ ಮುಂದಿಟ್ಟಳು. ಪೂರ್ತಿ ಅಲ್ಲ, ಅರ್ಧ. ಅವನು ಒಳ್ಳೆಯವನು, ಬೀನ್ಸ್ ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ಕೊನೆಯವರೆಗೂ ಕೇಳಿದ. ಆಮೇಲೆ, ಮೂಳೆಗೆ ಏನು ತಿಳಿಯುತ್ತದೆ, ಹೋದವರ ಸಲುವಾಗಿ ಇರುವ ಅಣ್ಣನ ಜೊತೆ ಯಾಕೆ ಕೆಡಿಸಿಕೊಳ್ಳುತ್ತೀ ಎಂದ. ಸಮಾಧಾನಕ್ಕೆ ಅವಳ ಭುಜ ತಟ್ಟಿದ.

"ನಮ್ಮಿಬ್ರನ್ನೇ ನೋಡು. ಆರು ವರ್ಷ ಆಯ್ತು, ಒಂದಿನ ಜಗಳ ಆಡಿದ್ದೀವಾ?"

ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಮಗುವಿಗೆ ಅತ್ತೆಯ ಹೆಸರಿಡುವುದೆಂದು ತೀರ್ಮಾನವಾದ ದಿನ ನೆನಪಾಯಿತು. ಹೆರಿಗೆಯಾದ ಮೇಲೆ ಕೆಲಸ ಬಿಡುವುದೆಂದು ಆದ ದಿನ. ಈ ಮನೆ, ಈ ಐದನೇ ಮಹಡಿ, ಆ ಬಾಲ್ಕನಿ. ಎಲ್ಲ ಕಡೆಯೂ ಅವಳದೊಂದು ಹೂಂ ಇತ್ತು, ಬಲವಂತ ಯಾರೂ ಮಾಡಿರಲಿಲ್ಲ. ಬೇಡ ಎಂದು ತಾನು ಕೊನೆಯ ಸಲ ಹೇಳಿದ್ದು ಯಾವಾಗ ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಮಡಿಲಲ್ಲಿದ್ದ ಮಗು ಸೌತೆಕಾಯಿಯನ್ನು ನೆಲಕ್ಕೆ ಎಸೆದು, ಎತ್ತಿಕೊಟ್ಟರೆ ಮತ್ತೆ ಎಸೆಯಿತು. ಇದಕ್ಕಾದರೂ ಬೇಡ ಅನ್ನುವುದು ಬರುತ್ತದಲ್ಲ ಎಂದು ಅವಳಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಇದೂ ಎಷ್ಟು ದಿನ ಎಂದು ಮರುಕ್ಷಣವೇ ಭಯವಾಯಿತು.

"ಮಗೂನ ಹಿಡ್ಕೋ" ಎಂದಳು ಗಂಡನಿಗೆ. ಊಟ ಮುಗಿದಿಲ್ಲ ಎಂದ ಅವನು. ಹಿಡ್ಕೋ ಎಂದು ಅವನ ತೊಡೆಯ ಮೇಲೆ ಕೂರಿಸಿ, ಫೋನ್ ತೆಗೆದುಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲಾಂಬ್ರೋಸ್ ಅಂಗಡಿಯಲ್ಲಿದ್ದ. ಹಿಂದೆ ಹಡಗಿನ ಸೈರನ್ ಕೇಳಿಸುತ್ತಿತ್ತು. ನೀನು ನಾಳೆ ಬರಲ್ಲ ಅಂತ ಹೇಳೋಕೆ ತಾನೇ, ಮಗೂಗೆ ಜ್ವರ ಅಂತ ನನಗೆ ಮೊದಲೇ ಗೊತ್ತಿತ್ತು ಎಂದು ಅವನೇ ಶುರುಮಾಡಿದ. ಅವಳು ಅವನನ್ನು ಮಾತಾಡಲು ಬಿಡಲಿಲ್ಲ. ಆಸ್ಪತ್ರೆ, ಕಲ್ಲಿನ ಕಾಲು, ಪ್ರೊಫೆಸರರು, ಅಮ್ಮ ಮಣಿಕಟ್ಟು ಹಿಡಿದದ್ದು, ಎಲ್ಲವನ್ನೂ ಹಿಂದುಮುಂದಾಗಿ, ಉಸಿರು ತೆಗೆದುಕೊಳ್ಳದೆ ಹೇಳಿದಳು. ಅಮ್ಮನ ಪೆಟ್ಟಿಗೆಯನ್ನು ಯಾರೂ ತೆಗೆಯಕೂಡದು, ಅದು ಇರುವ ಹಲಗೆಯ ಮೇಲೇ ಇರಬೇಕು ಎಂದಳು.

ಅವನು ರೇಗಿದ. ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ, ಗೋರಿ ತೆರೆಯುವ ಹಿಂದಿನ ದಿನ ನೆನಪಾಯಿತಾ, ಜ್ವರದಲ್ಲಿ ಅಮ್ಮ ಏನೋ ಬಡಬಡಿಸಿದ್ದಾಳೆ, ನೀನು ಸಣ್ಣವಳು, ನಿನಗೇನು ತಿಳಿಯುತ್ತೆ ಎಂದೆಲ್ಲ ಅಂದ. ಪೆಟ್ಟಿಗೆಯ ಮುಚ್ಚಳದ ಮೇಲೆ ಅಮ್ಮನ ಫೋಟೋ ಅಂಟಿಸಿ ಆಗಿದೆ ಎಂದ. ಕಿತ್ತುಬಿಡು ಎಂದಳು ಆರ್ಗಿರೋ. ಹೆಂಡತಿಯ ಸಾಲನ್ನೂ ಅಳಿಸಿಬಿಡು, ಅದು ಅಮ್ಮನದಲ್ಲ, ಯಾರದೂ ಅಲ್ಲ.

ಅಂಗಡಿಯಲ್ಲಿ ಯಾರೋ ಟಿಕೆಟ್ ಕೇಳಿದರು, ಅವನು ಆಮೇಲೆ ಬನ್ನಿ ಎಂದು ಕಳಿಸಿದ. ಮತ್ತೆ ಫೋನಿಗೆ ಬಂದಾಗ ದನಿ ಇಳಿದಿತ್ತು.

"ನಿಂಗೆ ಮಾತ್ರ ಯಾಕ್ ಹೇಳಿದ್ಲು? ನಾನೂ ಮಗ ತಾನೆ. ದಿನಾ ಆಸ್ಪತ್ರೇಲಿ ಇದ್ದವನು ನಾನು."

ಸುಳ್ಳು ಹೇಳಬಹುದಿತ್ತು. ಆ ಹೊತ್ತು ನೀನು ಅಲ್ಲಿರಲಿಲ್ಲ ಎಂದರೆ ಮುಗಿಯುತ್ತಿತ್ತು, ಅಣ್ಣ ತಂಗಿ ಚೆನ್ನಾಗಿರುತ್ತಿದ್ದರು.

"ನಿಂಗೆ ಹೇಳಿದ್ರೆ ನೀನು ಅಪ್ಪನಿಗೆ ಹೇಳ್ತಿದ್ದೆ ಕಣೋ."

"ಹೌದು" ಎಂದ ಲಾಂಬ್ರೋಸ್. "ಹೇಳ್ತಿದ್ದೆ." ಆಮೇಲೆ, ಪಾದ್ರಿಗೆ ನೀನೇ ಹೇಳು, ನನ್ನ ಬಾಯಲ್ಲಿ ಇದು ಬರಲ್ಲ ಎಂದು ಪಾದ್ರಿಯ ನಂಬರನ್ನು ಒಂದೊಂದೇ ಅಂಕಿಯಾಗಿ, ಒಬ್ಬ ಪರಿಚಯವಿಲ್ಲದವಳಿಗೆ ಹೇಳುವ ಹಾಗೆ ಹೇಳಿದ. ಅವಳು ಬರೆದುಕೊಂಡಳು.